ಜೋಗುಳ ಮೇಡಂ

ಆ ಹೆಸರು ಇಟ್ಟವನು ನಾನೇ. ಈಗ ಒಪ್ಪಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಅವರು ಹೋಗಿ ಒಂದೂವರೆ ತಿಂಗಳಾಯಿತು, ಬೈಯುವವರೂ ಉಳಿದಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ಎಂಟು ಗಂಟೆಗೆ ಬಯಾಲಜಿ ಪೀರಿಯಡ್ಡು ಎಂದರೆ ಜೋಗುಳ ಶುರುವಾಯಿತು ಎಂದೇ ಲೆಕ್ಕ ಅಂದೆ. ನಾಲ್ಕು ಜನ ನಕ್ಕರು. ಮುಂದಿನ ವಾರಕ್ಕೆ ಅದು ಹುಡುಗರ ಬಾಯಿಗೆ ಬಂತು. ಆಮೇಲೆ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಅವರ ಶಿಷ್ಯರಲ್ಲಿ ಮುಕ್ಕಾಲು ಪಾಲು ಮಂದಿಗೆ ಯಾರೆಂದು ಗೊತ್ತಾಗಲಿಕ್ಕಿಲ್ಲ.

ನಮ್ಮದು ದಾವಣಗೆರೆಯ ಒಂದು ಖಾಸಗಿ ಪಿಯು ಕಾಲೇಜು. ಪಕ್ಕದಲ್ಲೇ ಹಾಸ್ಟೆಲ್. ನಾನು ಗಣಿತ ಹೇಳುತ್ತಿದ್ದೆ, ಅವರು ಜೀವಶಾಸ್ತ್ರ. ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಕುಳ್ಳಗಿನ ಹೆಂಗಸು, ಮಾಸಲು ಬಣ್ಣದ ಹತ್ತಿಯ ಸೀರೆ, ಎಡಗೈಯಲ್ಲಿ ಗಂಡಸರು ಕಟ್ಟುವ ದೊಡ್ಡ ವಾಚು. ಮದುವೆಯಾಗಿರಲಿಲ್ಲ. ಹರಿಹರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಕೈಚೀಲದಲ್ಲಿ ಊಟದ ಡಬ್ಬಿಗಿಂತ ದೊಡ್ಡದಾದ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಅದರ ತುಂಬ ಬಣ್ಣದ ಚಾಕ್‌ಪೀಸು. ಕಾಲೇಜಿನವರು ಬಿಳಿಯದನ್ನು ಮಾತ್ರ ಕೊಡುತ್ತಾರೆಂದು ಕೆಂಪು, ನೀಲಿ, ಹಳದಿಗಳನ್ನು ತಾವೇ ಕೊಂಡು ತರುತ್ತಿದ್ದರು.

ದಿನದ ಮೊದಲ ಪೀರಿಯಡ್ಡು ಅವರದು. ಒಳಗೆ ಹೋದವರೇ ಪಾಠ ಶುರು ಮಾಡುತ್ತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಮುಖ ನೋಡಿಕೊಂಡು ಬರುತ್ತಿದ್ದರು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ. ನೋಡಿ ಮುಗಿದ ಮೇಲೆ ಅದೇ ಮಾತು.

'ಯಾರ‍್ಯಾರಿಗೆ ಕಣ್ಣು ಉರಿತಾವೆ, ಅವ್ರು ತಲೆ ಇಡ್ರಪ್ಪಾ. ಹತ್ತು ನಿಮಿಷ. ಉಳಿದೋರು ಗಲಾಟೆ ಮಾಡಬ್ಯಾಡ್ರಿ, ಬೋರ್ಡ್ ನೋಡ್ರಿ.'

ಅರ್ಧ ತರಗತಿ ಬೆಂಚಿನ ಮೇಲೆ ತಲೆ ಇಡುತ್ತಿತ್ತು. ಮೇಡಂ ಬಣ್ಣದ ಡಬ್ಬಿ ತೆಗೆದು ಆ ದಿನದ ಚಿತ್ರ ಬರೆಯುತ್ತಿದ್ದರು. ಹೃದಯವೋ, ಮೂತ್ರಪಿಂಡವೋ, ಎಲೆಯ ಒಳಗಿನ ಕೋಣೆಗಳೋ. ಸದ್ದಾಗಬಾರದೆಂದು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದರು. ಚಿತ್ರ ಮುಗಿಯುವುದಕ್ಕೂ ಹತ್ತು ನಿಮಿಷ ಆಗುವುದಕ್ಕೂ ಸರಿಹೋಗುತ್ತಿತ್ತು. ಎಬ್ಬಿಸಲು ಡಸ್ಟರ್ ಕುಟ್ಟುತ್ತಿರಲಿಲ್ಲ. ಸಣ್ಣ ದನಿಯಲ್ಲಿ ಹಾಜರಿ ಕರೆಯಲು ಶುರು ಮಾಡುತ್ತಿದ್ದರು, ಒಬ್ಬೊಬ್ಬರೇ ತಮ್ಮ ಹೆಸರಿಗೆ ತಲೆ ಎತ್ತುತ್ತಿದ್ದರು. ಎತ್ತದವರನ್ನು ಬಿಟ್ಟುಬಿಡುತ್ತಿದ್ದರು. ಅವರಿಗೂ ಹಾಜರಿ ಹಾಕುತ್ತಿದ್ದರು.

ಉತ್ತರಪತ್ರಿಕೆ ತಿದ್ದುವುದರಲ್ಲೂ ಅವರದೊಂದು ಪದ್ಧತಿ ಇತ್ತು. ಹಾಸ್ಟೆಲಿನ ಮಕ್ಕಳ ಪತ್ರಿಕೆಗಳಲ್ಲಿ ಬರೆಯುತ್ತ ಬರೆಯುತ್ತ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿ, ಕೊನೆಗೆ ಪೆನ್ನಿನ ಗೀಟೊಂದು ಹಾಳೆಯ ಅಂಚಿನವರೆಗೆ ಹೋಗಿರುತ್ತದೆ. ನಾವೆಲ್ಲ ಅದರ ಮೇಲೆ ಕೆಂಪು ಗೀಟು ಎಳೆದು ಸೊನ್ನೆ ಕೊಡುತ್ತಿದ್ದೆವು. ಅವರು ಆ ಜಾರಿದ ಜಾಗಕ್ಕೆ ಒಂದು ಸುತ್ತು ಹಾಕಿ, 'ಇಲ್ಲಿ ನಿದ್ದೆ ಬಂದಿದೆ' ಎಂದು ಬರೆಯುತ್ತಿದ್ದರು. ಅಂಕ ಕೊಡುತ್ತಿರಲಿಲ್ಲ, ಅಷ್ಟು ಮೆದು ಅಲ್ಲ. ಆದರೆ ತಪ್ಪು ಎಂದೂ ಬರೆಯುತ್ತಿರಲಿಲ್ಲ.

ಇದೆಲ್ಲ ಎಲ್ಲಿಂದ ಬಂತೆಂದು ನಾನೊಮ್ಮೆ ಕೇಳಿದ್ದೆ. ಕೇಳಿದ್ದು ತಿಳಿದುಕೊಳ್ಳಲಿಕ್ಕಲ್ಲ, ಕಾಲೆಳೆಯಲಿಕ್ಕೆ. ಅವರು ನಿಜವಾಗಿಯೇ ಕೇಳುತ್ತಿದ್ದೇನೆಂದು ತಿಳಿದು ಹೇಳಿದರು. ಅವರ ತಂದೆ ಹರಿಹರದ ಒಂದು ಕಾರ್ಖಾನೆಯಲ್ಲಿ ಮೂರು ಪಾಳಿಯಲ್ಲಿ ದುಡಿದವರು. ಮನೆ ಎಂದರೆ ಒಂದೇ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದರೆ ಐದು ಮಕ್ಕಳೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಕು. ಕುಕ್ಕರ್ ಕೂಗುವ ಹಾಗಿಲ್ಲ, ಪಕ್ಕದ ಮನೆಯವರೂ ರೇಡಿಯೊ ಸಣ್ಣಗೆ ಇಡುತ್ತಿದ್ದರು.

'ನಮ್ಮ ಮನಿಯಾಗೆ ದೇವ್ರ ಮುಂದೆ ಬೇಕಾದ್ರೆ ಜಗಳ ಆಡಬೋದಿತ್ತು ಸರ್, ಮಲಗಿದೋರ ಮುಂದೆ ಕೆಮ್ಮಂಗಿರ್ಲಿಲ್ಲ. ನಿದ್ದೆಗೆಟ್ಟ ಕೈಯ್ಯ ಮಿಷಿನ್ನಿಗೆ ಕೊಡಬ್ಯಾಡ ಅಂತಿದ್ದ ನಮ್ಮಪ್ಪ. ಮೂವತ್ತು ವರ್ಷ ಅದ್ರ ಮುಂದೆ ನಿಂತು ಹತ್ತೂ ಬೆರಳು ಮನಿಗೆ ತಂದ. ಈ ವಾಚು ಅವಂದೇ.'

'ಇಲ್ಲಿ ಮಿಷಿನ್ ಎಲ್ಲೈತ್ರಿ ಮೇಡಂ, ಇರೋದು ಪುಸ್ತಕ' ಎಂದೆ.

'ಅದಕ್ಕೇ ಬೆರಳು ಹೋಗಲ್ಲ. ಹೋಗಿದ್ದು ಏನು ಅಂತ ಹೊರಗೆ ಕಾಣಲ್ಲ ನೋಡ್ರಿ' ಎಂದರು. ನಾನು ನಕ್ಕು ಲೋಟ ಕೆಳಗಿಟ್ಟೆ.

ಇನ್ನು ನನ್ನ ವಿಷಯ ಹೇಳಬೇಕು, ಹೇಳದಿದ್ದರೆ ಅವರ ವಿಷಯ ಪೂರ್ತಿಯಾಗುವುದಿಲ್ಲ. ಹಾಸ್ಟೆಲಿನ ಬೆಳಗಿನ ಓದಿಗೆ ಉಸ್ತುವಾರಿ ನಾನು. ನಾಲ್ಕೂವರೆಗೆ ಬೆಲ್ಲು. ಐದಕ್ಕೆ ಎಲ್ಲರೂ ಹಾಲಿನಲ್ಲಿ ಪುಸ್ತಕ ಬಿಚ್ಚಿ ಕೂತಿರಬೇಕು. ತೂಕಡಿಸಿದವರನ್ನು ನಲ್ಲಿಗೆ ಕಳಿಸುತ್ತಿದ್ದೆ. ಎರಡನೆಯ ಸಲ ತೂಕಡಿಸಿದರೆ ಬಕೆಟ್ ತಣ್ಣೀರಿನಲ್ಲಿ ಕಾಲಿಟ್ಟು ನಿಂತು ಓದಬೇಕು. ಇದನ್ನು ನಾನು ಕಂಡುಹಿಡಿದದ್ದಲ್ಲ, ನಮ್ಮ ಊರಿನ ಹಾಸ್ಟೆಲುಗಳಲ್ಲಿ ಹಳೆಯ ಪದ್ಧತಿ. ಅಡ್ಮಿಷನ್ನಿನ ದಿನ ಪಾಲಕರ ಎದುರು ಬ್ರಾಹ್ಮೀ ಮುಹೂರ್ತದ ಮೇಲೆ ಒಂದು ಭಾಷಣವೂ ಇತ್ತು. ಹೊಲ ಬಿಟ್ಟು ಮಗಳನ್ನು ಸೇರಿಸಲು ಬಂದ ತಂದೆತಾಯಿಯರು ಕಣ್ಣಲ್ಲಿ ನೀರು ತಂದುಕೊಂಡು ಕೈ ಮುಗಿಯುತ್ತಿದ್ದರು. ನಾನೂ ಹುಡುಗನಾಗಿದ್ದಾಗ ನಮ್ಮ ಹಳ್ಳಿ ಬಾತಿಯಲ್ಲಿ ದಿನಾ ನಾಲ್ಕಕ್ಕೇ ಎದ್ದು ಓದಿದವನು ಎಂದು ಭಾಷಣದ ಕೊನೆಗೆ ಸೇರಿಸುತ್ತಿದ್ದೆ.

ಈ ಮಾತನ್ನು ಒಂದು ದಿನ ಮನೆಯಲ್ಲೂ ಹೇಳಿದೆ. ನಮ್ಮ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು.

'ನೀನೆಲ್ಲಿ ಏಳ್ತಿದ್ದೆ? ನಾ ಎಬ್ಬಿಸ್ತಿದ್ದೆ, ನೀನು ಪುಸ್ತಕ ಹಿಡ್ಕಂಡು ಹೋಗಿ ಹುಲ್ಲಿನ ಬಣವಿ ಹಿಂದೆ ಮಲಗ್ತಿದ್ದೆ. ನಿಮ್ಮಪ್ಪಗೆ ಹೇಳಿರ್ಲಿಲ್ಲ ನಾನು.'

ಚೈತ್ರಾ ನಕ್ಕಳು. ನನ್ನ ಮಗಳು ಜೋರಾಗಿ ನಕ್ಕದ್ದು ಎಂದು ನನಗೆ ನೆನಪಿರುವ ಕೊನೆಯ ದಿನಗಳಲ್ಲಿ ಅದೊಂದು.

ಅವಳು ಆಗ ನಮ್ಮ ಕಾಲೇಜಿನಲ್ಲೇ ಮೊದಲ ಪಿಯು. ಹದಿನಾರು ವರ್ಷ. ಹಾಸ್ಟೆಲಿನ ಓದು ಮುಗಿಸಿ ನಾನು ಎಸ್.ಎಸ್. ಬಡಾವಣೆಯ ಮನೆಗೆ ವಾಪಸು ಬಂದ ಮೇಲೆ ನನ್ನ ಸ್ಕೂಟರಿನಲ್ಲೇ ಕಾಲೇಜಿಗೆ ಬರುತ್ತಿದ್ದಳು. ಹಾಸ್ಟೆಲಿನ ಮಕ್ಕಳು ನಾಲ್ಕೂವರೆಗೆ ಎದ್ದರೆ ನನ್ನ ಮಗಳು ನಾಲ್ಕಕ್ಕೆ ಏಳಬೇಕು ಎಂಬುದು ನನ್ನ ಗಣಿತ. ನಾನೇ ಎಬ್ಬಿಸುತ್ತಿದ್ದೆ. ಮೊದಲು ಬಾಗಿಲು ಬಡಿಯುವುದು, ಆಮೇಲೆ ಫ್ಯಾನ್ ಆರಿಸುವುದು, ಆಮೇಲೆ ಹೊದಿಕೆ ಎಳೆಯುವುದು. ಅವಳು ಎದ್ದು ಕೂತ ಮೇಲೆ ನಾನು ಹಾಸ್ಟೆಲಿಗೆ ಹೊರಡುತ್ತಿದ್ದೆ. ಅವಳು ಹಿಂದೆಯೇ ಮತ್ತೆ ಮಲಗದಂತೆ ನೋಡಿಕೊಳ್ಳಲು ಹೆಂಡತಿಗೆ ಹೇಳಿರುತ್ತಿದ್ದೆ.

ಆ ವರ್ಷ ತರಗತಿಗಳಿಗೆಲ್ಲ ಕ್ಯಾಮೆರಾ ಹಾಕಿಸಿದರು. ಪ್ರಿನ್ಸಿಪಾಲರ ಕೋಣೆಯಲ್ಲಿ ದೊಡ್ಡ ಪರದೆ. ಒಂದು ಬೆಳಿಗ್ಗೆ ಯಾವುದೋ ಸಹಿಗೆ ಹೋಗಿದ್ದೆ. ಪರದೆಯ ಮೂಲೆಯ ಚೌಕದಲ್ಲಿ ಬಯಾಲಜಿ ತರಗತಿ. ಎರಡನೆಯ ಬೆಂಚಿನಲ್ಲಿ ನನ್ನ ಮಗಳು ಬಾಯಿ ತೆರೆದು ಮಲಗಿದ್ದಾಳೆ. ಮೇಡಂ ಬರಿಗಾಲಲ್ಲಿ ಅವಳ ಪಕ್ಕದಿಂದಲೇ ಹಾದು ಹೋಗಿ ಕಿಟಕಿ ಪರದೆ ಎಳೆದರು, ಬಿಸಿಲು ಅವಳ ಕಣ್ಣಿಗೆ ಬೀಳಬಾರದೆಂದು. ಅದನ್ನು ನೋಡಿ ಯಾವ ತಂದೆಗಾದರೂ ಸಂತೋಷವಾಗಬೇಕಿತ್ತು. ನನಗೆ ರಕ್ತ ಕುದಿಯಿತು. ನಾನು ನಾಲ್ಕಕ್ಕೆ ಕಟ್ಟಿದ್ದನ್ನು ಈಕೆ ಎಂಟಕ್ಕೆ ಕೆಡವುತ್ತಿದ್ದಾಳೆ ಅನ್ನಿಸಿತು. ಅಂದೇ ಕೂತು ಒಂದು ಅರ್ಜಿ ಬರೆದೆ. ಕೆಳಗೆ ಸಹಿ ಹಾಕಲಿಲ್ಲ. 'ಒಬ್ಬ ಪಾಲಕ' ಎಂದು ಬರೆದೆ. ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅವರನ್ನು ಕರೆಸಿ ಅರ್ಜಿಯನ್ನು ಕೈಗೆ ಕೊಟ್ಟಾಗ ನಾನೂ ಪ್ರಿನ್ಸಿಪಾಲರ ಕೋಣೆಯಲ್ಲೇ ಇದ್ದೆ, ಫೈಲು ಹುಡುಕುವ ನೆಪದಲ್ಲಿ. ಅವರು ಹೆದರಲೂ ಇಲ್ಲ, ಅಳಲೂ ಇಲ್ಲ.

'ಮಕ್ಕಳು ಮಲಗೋದು ಖರೆ ಐತ್ರಿ ಸರ್. ನನ್ನ ಪೀರಿಯಡ್ಡಿನಾಗೆ ತಲೆ ಇಟ್ಟು ಮಲಗ್ತಾರೆ, ಉಳಿದೋರ ಪೀರಿಯಡ್ಡಿನಾಗೆ ಕಣ್ಣು ಬಿಟ್ಕಂಡು ಮಲಗ್ತಾರೆ. ಅಷ್ಟೇ ಫರಕ್ಕು. ಈ ವಯಸ್ಸಿಗೆ ರಾತ್ರಿ ಬೇಗ ನಿದ್ದೆ ಹತ್ತಲ್ಲ, ಬೆಳಿಗ್ಗೆ ಬೇಗ ಬಿಡಲ್ಲ. ಹುಡುಗ್ರಿಗೆ ಮೀಸೆ ಬರ್ತಾವಲ್ಲ, ಹಂಗೆ ಅದು. ಮೀಸೆ ಬಂತು ಅಂತ ಯಾರಾದ್ರೂ ಹೊಡಿತಾರೇನ್ರಿ?'

'ಅದೆಲ್ಲ ಮೊಬೈಲ್ ಕಾಟ ಮೇಡಂ' ಎಂದರು ಪ್ರಿನ್ಸಿಪಾಲರು.

'ಮೊಬೈಲ್ದೂ ತಪ್ಪೈತೆ. ಆದ್ರೆ ಎಲ್ಲಾ ಅದ್ರ ತಲಿಗೇ ಕಟ್ಟಿದ್ರೆ ನಮ್ಮ ನಾಲ್ಕೂವರಿ ಬೆಲ್ಲು ತಪ್ಪಿಸ್ಕಂತೈತೆ. ಬೆಳೆಯೋ ಮಕ್ಕಳು ಬೆಳೆಯೋದೇ ನಿದ್ದೆಯಾಗೆ. ಓದಿದ್ದು ತಲಿಯಾಗೆ ಕೂಡ್ರೋದೂ ನಿದ್ದೆಯಾಗೇನೇ. ನಾವು ಹಗಲೆಲ್ಲ ಸುರಿತೀವಿ, ರಾತ್ರಿ ಪಾತ್ರೆ ಬೋರಲು ಹಾಕ್ತೀವಿ.'

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಫೈಲಿನೊಳಗೆ ಮುಖ ಹಾಕಿದೆ. ಅವರ ಪೀರಿಯಡ್ಡನ್ನು ಬೆಳಗಿನಿಂದ ಸಂಜೆಗೆ ಹಾಕಿದರು. ಟೈಂ ಟೇಬಲ್ ಬರೆಯುವವನು ನಾನೇ, ಹಾಗಾಗಿ ಅದನ್ನೂ ನನ್ನ ಕೈಯಲ್ಲೇ ಮಾಡಿಸಿದರು. ವರ್ಷದ ಕೊನೆಗೆ, ಮುಂದಿನ ಸಾಲಿಗೆ ನಿಮ್ಮ ಅಗತ್ಯವಿಲ್ಲ ಎಂದು ತಿಳಿಸಿದರು. ಹತ್ತು ವರ್ಷ ದುಡಿದ ಹೆಂಗಸು. ಒಂದು ಬೀಳ್ಕೊಡುಗೆಯೂ ಆಗಲಿಲ್ಲ.

ಕೊನೆಯ ದಿನ ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಮೇಡಂ ನನ್ನ ಹತ್ತಿರ ಬಂದರು. ಅರ್ಜಿಯ ವಿಷಯ ಕೇಳುತ್ತಾರೆಂದು ನಾನು ಮುಂದಿದ್ದ ಪುಸ್ತಕ ಬಿಚ್ಚಿದೆ.

'ಚೈತ್ರಾಗೆ ರಾತ್ರಿ ನಿದ್ದೆ ಬರ್ತೈತೇನ್ರಿ ಸರ್?'

'ಬರದೇನ್ರಿ, ಕುಂಭಕರ್ಣನ ತಂಗಿ' ಎಂದೆ.

'ಒಂದ್ಸಲ ನೋಡ್ರಿ' ಎಂದಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೋದರು.

ನೋಡಲಿಲ್ಲ. ನೋಡಿದ್ದರೆ ಆಗಲೇ ಕಾಣುತ್ತಿತ್ತು. ಎರಡನೆಯ ಪಿಯು ಶುರುವಾಗಿ ಎರಡು ತಿಂಗಳಿಗೆ ಹೆಂಡತಿ ಹೇಳಿದಳು, ಮಗಳು ಮಲಗುವುದೇ ಇಲ್ಲವೆಂದು. ಹತ್ತಕ್ಕೆ ದೀಪ ಆರಿಸಿದರೆ ಎರಡು ಮೂರರವರೆಗೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾಳಂತೆ. ಆಗ ತಾನೇ ಜೊಂಪು ಹತ್ತುವ ಹೊತ್ತಿಗೆ ನಾನು ಬಾಗಿಲು ಬಡಿಯುತ್ತಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ, ಇವಳಿಗೇನು ಚಿಂತೆ ಎಂದು ರೇಗಿದೆ. ಮೊಬೈಲ್ ಕಿತ್ತು ನನ್ನ ಬೀರುವಿನಲ್ಲಿಟ್ಟೆ. ಮೊಬೈಲ್ ಇಲ್ಲದೆಯೂ ಎಚ್ಚರವಾಗಿದ್ದಳು.

ಆಮೇಲಾಮೇಲೆ ಬೇರೆಯವೂ ಶುರುವಾದವು. ಚಮಚ ಕೈಜಾರಿ ಬಿದ್ದರೆ ಅರ್ಧ ಗಂಟೆ ಅಳುವಳು. ಅಜ್ಜಿ ಮಾತಾಡಿಸಿದರೆ ತಡವಾಗಿ ತಿರುಗುವಳು, ದೂರದಿಂದ ಕೇಳಿಸಿದ ಹಾಗೆ. ಓದಿದ ಪುಟವನ್ನೇ ಮತ್ತೆ ಓದುವಳು. ಒಂದು ಟೆಸ್ಟಿನಲ್ಲಿ ಅವಳ ಗಣಿತದ ಪತ್ರಿಕೆ ನನ್ನ ಕೈಗೇ ಬಂತು. ಮೂರನೆಯ ಲೆಕ್ಕದ ನಡುವೆ ಅಕ್ಷರ ಸಾಲು ಬಿಟ್ಟು ಇಳಿದು, ಗೀಟೊಂದು ಅಂಚಿಗೆ ಹೋಗಿ ನಿಂತಿತ್ತು. ಅದರ ಪಕ್ಕ ಏನು ಬರೆಯಬೇಕೆಂದು ನನಗೆ ಗೊತ್ತಿತ್ತು. ಆದರೂ ಸೊನ್ನೆ ಹಾಕಿದೆ, ಮಗಳೆಂದು ಬಿಟ್ಟ ಎಂಬ ಮಾತು ಬರಬಾರದಲ್ಲ.

ಅವ್ವ ಬೇರೆಯೇ ತೀರ್ಮಾನಕ್ಕೆ ಬಂದಿದ್ದಳು. ರಾತ್ರಿಯೆಲ್ಲ ಕಣ್ಣು ಬಿಟ್ಟಿರುವ ಹುಡುಗಿ ಎಂದರೆ ಗಾಳಿ ಸೋಕಿದೆ, ಇನ್ನೇನು. ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ, ಗಾಳಿ ಬಿಡಿಸುತ್ತಾನೆಂದು ಜನ ನಂಬುವ ಅಜ್ಜಯ್ಯನ ಸನ್ನಿಧಿಯಲ್ಲಿ ಐದು ದಿನ ಇಡಬೇಕು ಎಂದು ಹಟ ಹಿಡಿದಳು. ಗಣಿತದ ಮೇಷ್ಟ್ರು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮಗಳು ಕಾಯಿಲೆ ಬಿದ್ದಿದ್ದಾಳೆ ಅನ್ನುವುದಕ್ಕಿಂತ ಗಾಳಿ ಸೋಕಿದೆ ಅನ್ನುವುದು ನನಗೆ ಹಗುರವಾಗಿತ್ತು. ಗಾಳಿಯಾದರೆ ಅದರಲ್ಲಿ ನನ್ನ ಪಾಲಿಲ್ಲ.

ಅವ್ವ, ನನ್ನ ಹೆಂಡತಿ, ಚೈತ್ರಾ ಮೂವರೂ ಹೋದರು. ಹೊಳೆಯಲ್ಲಿ ಸ್ನಾನ, ಅಜ್ಜಯ್ಯನ ದರ್ಶನ, ಪ್ರಸಾದ, ಆಮೇಲೆ ಕೆಲಸವಿಲ್ಲ. ಮೊದಲ ದಿನ ಚೈತ್ರಾ ಪೌಳಿಯ ಕಂಬಕ್ಕೆ ಒರಗಿ ಕೂತಲ್ಲೇ ಮಲಗಿದಳಂತೆ. ಸುತ್ತ ಮೈದುಂಬಿ ಕೂಗುವವರು, ಅಳುವವರು, ತೆಂಗಿನಕಾಯಿ ಒಡೆಯುವವರು. ಯಾವುದಕ್ಕೂ ಏಳಲಿಲ್ಲ. ಐದು ದಿನವೂ ಹಾಗೆಯೇ. ಐದನೆಯ ದಿನ ಕರೆತರಲು ನಾನು ಹೋದಾಗ ಅವಳ ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ಹಸಿವು ಅಂದಳು. ಅವ್ವ ಅಜ್ಜಯ್ಯನಿಗೆ ಉದ್ದಂಡ ನಮಸ್ಕಾರ ಹಾಕಿದಳು, ನಾನೂ ಹಾಕಿದೆ.

ಮನೆಗೆ ಬಂದ ಮರುದಿನ ಎಬ್ಬಿಸದೆ ಬಿಟ್ಟೆ. ಅದರ ಮರುದಿನ, ಐದು ದಿನದ ಪಾಠ ಹಿಂದೆ ಬಿದ್ದಿದೆಯಲ್ಲ ಎಂದು ನಾಲ್ಕಕ್ಕೆ ಬಾಗಿಲು ಬಡಿದೆ. ಒಂದು ವಾರದಲ್ಲಿ ಎಲ್ಲ ಮೊದಲಿನ ಹಾಗೆಯೇ ಆಯಿತು. ಮೊದಲಿಗಿಂತ ಹೆಚ್ಚೇ ಆಯಿತು. ಒಂದು ಬೆಳಿಗ್ಗೆ ಹೊದಿಕೆ ಎಳೆದಾಗ ಅವಳು ಎದ್ದು ಕೂತು, ಸಿಟ್ಟಿಲ್ಲದೆ, ತಿಂಡಿ ಕೇಳುವ ದನಿಯಲ್ಲಿ ಹೇಳಿದಳು.

'ಅಪ್ಪಾಜಿ, ನನ್ನ ಯಾವುದಾದ್ರೂ ಆಸ್ಪತ್ರಿಗೆ ಸೇರಿಸ್ರಿ. ಏನಾದ್ರೂ ದೊಡ್ಡ ಕಾಯಿಲೆ ಐತೆ ಅಂತ ಹೇಳ್ರಿ. ಅಲ್ಲಿ ಯಾರೂ ಎಬ್ಬಿಸಲ್ಲ.'

ಹೊದಿಕೆ ನನ್ನ ಕೈಯಲ್ಲೇ ಇತ್ತು. ಆ ಹೊತ್ತು ನನಗೆ ಆದ ಹೆದರಿಕೆ ಮತ್ತೆ ಯಾವತ್ತೂ ಆಗಿಲ್ಲ. ಅಂದು ಹಾಸ್ಟೆಲಿಗೆ ಹೋಗಲಿಲ್ಲ. ಬೆಳಗಾದ ಮೇಲೆ ಹರಿಹರದ ಬಸ್ಸು ಹತ್ತಿದೆ.

ಕಾರ್ಖಾನೆಯವರು ಕಟ್ಟಿಕೊಂಡ ಸಣ್ಣ ಮನೆಗಳ ಸಾಲಿನಲ್ಲಿ ಅವರ ಮನೆ. ಬಾಗಿಲು ತೆರೆದ ಮೇಡಂ ನನ್ನನ್ನು ನೋಡಿ, 'ಬರ್ರಿ ಸರ್, ಕೂಡ್ರಿ' ಎಂದರು, ನಿನ್ನೆ ಸ್ಟಾಫ್ ರೂಮಿನಲ್ಲಿ ಭೇಟಿಯಾದವರ ಹಾಗೆ. ತೆಳ್ಳಗಾಗಿದ್ದರು. ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಬೆಳಗಿನ ಹೊತ್ತು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಮಂಡಕ್ಕಿ, ಚಹಾ ತಂದಿಟ್ಟರು. ನಾನು ಎಲ್ಲ ಹೇಳಿದೆ. ಉಕ್ಕಡಗಾತ್ರಿಯದನ್ನೂ ಹೇಳಿದೆ, ನಗುತ್ತಾರೆಂದು ತಿಳಿದೇ ಹೇಳಿದೆ. ನಗಲಿಲ್ಲ.

'ಅಜ್ಜಯ್ಯ ಏನೂ ಬಿಡಿಸ್ಲಿಲ್ಲ ಅನ್ನಲ್ಲ ಸರ್ ನಾನು. ಐದು ದಿನ ನಿಮ್ಮನ್ನ ಬಿಡಿಸಿದ್ನಲ್ಲ' ಎಂದರು.

ಅರ್ಜಿಯ ವಿಷಯ ಎತ್ತಿದೆ. ಒಬ್ಬ ಪಾಲಕ ಎಂದು ಬರೆದದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

'ಹತ್ತು ವರ್ಷ ನೀವು ಬರೆದ ಟೈಂ ಟೇಬಲ್ ನೋಡಿ ಕ್ಲಾಸಿಗೆ ಹೋಗೀನಿ. ನಿಮ್ಮ ಅಕ್ಷರ ನಂಗೆ ಗೊತ್ತಿಲ್ವಾ? ಅದು ಹೋಗ್ಲಿ ಬಿಡ್ರಿ. ಚೈತ್ರಾ ಏನು ಮಾಡ್ತಾಳೆ ಈಗ?'

'ಗೊತ್ತಿಲ್ಲ. ಎದ್ದಿರಬೇಕು.'

'ನಾನು ಡಾಕ್ಟ್ರಲ್ಲ ಸರ್. ಮನಸ್ಸಿನ ಡಾಕ್ಟ್ರ ಹತ್ರ ಕರ್ಕಂಡು ಹೋಗ್ರಿ, ಇವತ್ತೇ. ನಾಚ್ಕಿ ಪಡಬ್ಯಾಡ್ರಿ. ಅದಕ್ಕೂ ಮುಂಚೆ ನಂಗೊಂದು ಮಾತು ಕೊಡ್ರಿ. ಅವಳು ತಾನಾಗೇ ಏಳೋತನಕ ನೀವು ಎಬ್ಬಿಸಬಾರ್ದು. ಪರೀಕ್ಷೆ ಇರ್ಲಿ, ಹಬ್ಬ ಇರ್ಲಿ, ಭೂಮಿ ಬಾಯಿ ಬಿಡ್ಲಿ.'

ಕೊಟ್ಟೆ. ಅವರ ಅಂಗೈಯ ಮೇಲೆ ಕೈಯಿಟ್ಟೇ ಕೊಟ್ಟೆ. ಚಾಕ್‌ಪೀಸಿನ ಕೈ, ಒರಟಾಗಿತ್ತು.

ಡಾಕ್ಟರು ಹೆಚ್ಚುಕಮ್ಮಿ ಮೇಡಂ ಹೇಳಿದ್ದನ್ನೇ ಹೇಳಿದರು, ಜೊತೆಗೆ ಕೆಲವು ತಿಂಗಳಿಗೆ ಮಾತ್ರೆ ಬರೆದರು. ಆ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಚೈತ್ರಾ ಮೊದಲೆರಡು ವಾರ ಬರೀ ಮಲಗಿದಳು, ಬರಗೆಟ್ಟವರು ಉಣ್ಣುವ ಹಾಗೆ. ಆಮೇಲೆ ಭಾನುವಾರಗಳಂದು ಹರಿಹರಕ್ಕೆ ಹೋಗಲು ಶುರು ಮಾಡಿದಳು. ಅಲ್ಲಿ ಏನು ಮಾಡುತ್ತಾರೆಂದು ಕೇಳಿದರೆ, 'ಏನಿಲ್ಲ, ಮೇಡಂ ಚಿತ್ರ ಬರಿತಾರೆ, ನಾನು ಬಣ್ಣ ತುಂಬ್ತೀನಿ' ಅನ್ನುತ್ತಿದ್ದಳು. ಮರುವರ್ಷ ಪರೀಕ್ಷೆ ಬರೆದಳು, ಸಾಧಾರಣವಾಗಿ ಪಾಸಾದಳು. ಈಗ ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಾಳೆ, ಬಾಟನಿ ತೆಗೆದುಕೊಂಡು.

ಗುಣವಾಯಿತು ಎಂದು ಬರೆಯಲು ನನಗೂ ಆಸೆ. ಪೂರ್ತಿ ಆಗಲಿಲ್ಲ. ಹದಿನಾರರಲ್ಲಿ ಕಿತ್ತುಕೊಂಡ ನಿದ್ದೆಯನ್ನು ಹತ್ತೊಂಬತ್ತರಲ್ಲಿ ವಾಪಸು ಕೊಡುತ್ತೇನೆಂದರೆ ದೇಹ ಒಪ್ಪುವುದಿಲ್ಲ. ಎಷ್ಟೋ ರಾತ್ರಿ ಅವಳ ಕೋಣೆಯಲ್ಲಿ ನಡೆದಾಡುವ ಸದ್ದು ಬರುತ್ತದೆ. ಬೆಳಗಿನ ಜಾವ ಸದ್ದು ನಿಂತರೆ ನಾನು ನಿಟ್ಟುಸಿರು ಬಿಡುತ್ತೇನೆ. ನನ್ನೊಡನೆ ಅವಳ ಮಾತು ಹೂಂ, ಉಹೂಂಗಳಲ್ಲೇ ಮುಗಿಯುತ್ತದೆ. ಹಾಸ್ಟೆಲಿನ ಉಸ್ತುವಾರಿ ಬಿಟ್ಟೆ, ಅದನ್ನು ಬೇರೊಬ್ಬರಿಗೆ ಕೊಟ್ಟರು. ಬೆಲ್ಲು ಈಗಲೂ ನಾಲ್ಕೂವರೆಗೇ ಆಗುತ್ತದೆ.

ಮೇಡಮ್ಮಿಗೆ ಹೃದಯದ ತೊಂದರೆ ಇತ್ತೆಂದು ಚೈತ್ರಾಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಹೋದ ತಿಂಗಳ ಅಮಾವಾಸ್ಯೆಯ ಹಿಂದಿನ ರಾತ್ರಿ ಅವರು ತೀರಿಕೊಂಡರು. ಬೆಳಿಗ್ಗೆ ಐದೂವರೆಗೆ ಅವರ ತಮ್ಮ ನನಗೆ ಫೋನ್ ಮಾಡಿದರು. ಅಮಾವಾಸ್ಯೆ ಹಿಡಿಯುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಹೇಳಿದ್ದರಿಂದ, ಒಂಬತ್ತಕ್ಕೆಲ್ಲ ಎತ್ತುತ್ತೇವೆ ಎಂದರು. 'ಚೈತ್ರಾಗೂ ಹೇಳ್ರಿ ಸರ್. ಅಕ್ಕ ಅವಳನ್ನ ಭಾಳ ನೆನಿತಿದ್ಲು' ಎಂದರು.

ಮಗಳ ಕೋಣೆಯ ಮುಂದೆ ಹೋಗಿ ನಿಂತೆ. ಮೂರರ ಮೇಲೂ ಅವಳು ಓಡಾಡುತ್ತಿದ್ದುದು ನನಗೆ ಕೇಳಿಸಿತ್ತು. ಈಗ ಸದ್ದಿರಲಿಲ್ಲ. ಬಾಗಿಲು ತುಸು ತೆರೆದಿತ್ತು. ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಮಡಿಚಿ, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆಯೇ ಮಲಗಿದ್ದಳು. ಬಡಿಯಲು ಕೈ ಎತ್ತಿದೆ. ಆ ಕೈಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು. ಆದರೆ ಮಾತು ಕೊಟ್ಟಿದ್ದೆ, ಅದೂ ಯಾರಿಗೆ ಕೊಟ್ಟಿದ್ದೆ. ಹಬ್ಬ ಇರಲಿ, ಭೂಮಿ ಬಾಯಿ ಬಿಡಲಿ ಎಂದವರು ತಮ್ಮ ಸಾವನ್ನು ಮಾತ್ರ ಬಿಟ್ಟು ಹೇಳಿರಲಾರರು ಅನ್ನಿಸಿತು. ಕೈ ಇಳಿಸಿದೆ. ಅವಳನ್ನು ಎಬ್ಬಿಸಬೇಡ ಎಂದು ಹೆಂಡತಿಗೆ ಹೇಳಿ ಒಬ್ಬನೇ ಹರಿಹರಕ್ಕೆ ಹೋದೆ.

ಬಹಳ ಜನ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳು ಏಳೆಂಟು ಮಂದಿ ಬಂದಿದ್ದರು. ಬೇಗ ಎದ್ದು ಬಂದ ಮುಖಗಳು. ಮೇಡಂ ಮುಖ ಶಾಂತವಾಗಿತ್ತು, ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಮೂರು ಹಿಡಿ ಮಣ್ಣು ಹಾಕಿದೆ. ಒಂದು ನನ್ನದು, ಒಂದು ಮಗಳದು, ಇನ್ನೊಂದು ಯಾರದೆಂದು ನನಗೇ ಗೊತ್ತಿಲ್ಲ. ಒಂದು ಜೀವಮಾನದಲ್ಲಿ ಒಂದೇ ಒಂದು ಸಲ ಮಾತು ಉಳಿಸಿಕೊಂಡೆ ಎಂಬ ಸಮಾಧಾನ ನನಗಿತ್ತು. ಬಸ್ಸಿನಲ್ಲಿ ಬರುವಾಗ ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಮನೆಗೆ ಬಂದಾಗ ಹನ್ನೊಂದೂವರೆ. ಚೈತ್ರಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ತಲೆ ಬಾಚಿದ್ದಳು, ಬಿಳಿಯ ಚೂಡಿದಾರ ಹಾಕಿದ್ದಳು, ಕೈಯಲ್ಲಿ ಫೋನಿತ್ತು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಗುಂಡಿಯ ಚಿತ್ರ ಹಾಕಿದ್ದರು, ಅದರಲ್ಲಿ ಮಣ್ಣು ಹಾಕುತ್ತಿರುವ ನಾನೂ ಇದ್ದೆ.

'ಮುಗೀತಾ?' ಎಂದಳು.

'ಹೂಂ. ನೀನು ಆಗ ತಾನೇ ಮಲಗಿದ್ದೆ. ಮೇಡಂಗೆ ಮಾತು ಕೊಟ್ಟಿದ್ದೆ, ಅದಕ್ಕೆ...'

ಅವಳು ಅಳಲಿಲ್ಲ. ಫೋನನ್ನು ಮೆಟ್ಟಿಲ ಮೇಲೆ ಮಗುಚಿಟ್ಟಳು.

'ಬ್ಯಾಡ ಬ್ಯಾಡ ಅಂದ್ರೂ ದಿನಾ ಎಬ್ಬಿಸಿದ್ರಿ ಅಪ್ಪಾಜಿ. ಇವತ್ತೊಂದಿನ ಎಬ್ಬಿಸಬೇಕಿತ್ತು.'

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಎರಡಾಯಿತು, ಮೂರಾಯಿತು. ಊಟಕ್ಕೆ ಕರಿ ಎಂದು ಹೆಂಡತಿ ಎರಡು ಸಲ ಅಂದಳು. ಒಳಗೆ ಮಲಗಿದ್ದಾಳೋ, ಅಳುತ್ತಿದ್ದಾಳೋ ಸದ್ದಿನಿಂದ ತಿಳಿಯಲಿಲ್ಲ. ಬಾಗಿಲು ಬಡಿಯಬೇಕೋ ಬಾರದೋ ಎಂದು ಕೇಳೋಣವೆಂದರೆ, ಅದನ್ನು ಹೇಳಬಲ್ಲ ಒಬ್ಬರನ್ನು ನಾನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದೆ.